ಎಂಜಿಬಿಯ ತುಕ್ಕು: ತೇಪೆಯೋ, ಹೊಸ ತಗಡೋ, ಹೊಸ ಶೆಲ್ಲೋ?

ತೂತು ಎಷ್ಟು ದೊಡ್ಡದಿದೆ ಎಂದು ನೋಡಿ ರಿಪೇರಿಯ ದಾರಿ ಆರಿಸಿದರೆ ಹೆಚ್ಚಿನ ಸಲ ಕೆಲಸ ಕೆಡುತ್ತದೆ. ಬಾಗಿಲಿನ ಹೊರತಗಡಿನಲ್ಲಿ ಅಂಗೈ ಅಗಲದ ತೂತಿದ್ದರೂ ಕಾರು ಮುರಿದು ಬೀಳುವುದಿಲ್ಲ. ಅದೇ ಕಾರಿನ ಬಾಗಿಲ ಕೆಳಗಿನ ಸಿಲ್ಲಿನ ಕೆಳ ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ತೂತಿದ್ದರೆ ಅದನ್ನು ರಸ್ತೆಗೆ ಇಳಿಸಬಾರದು. ಹಾಗಾಗಿ ಯಾವ ತಗಡಿನ ಮುಂದೆ ನಿಂತರೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಭಾರ ಹೊರುತ್ತದೆಯೇ? ಇದರ ಹಿಂಬದಿಗೆ ಕೈಯೋ ಕುಂಚವೋ ತಲುಪುತ್ತದೆಯೇ? ತುಕ್ಕು ತೆಗೆಯುವ ವಿಧಾನ, ಬೆಸುಗೆ, ಪ್ರೈಮರ್, ಮೇಣ ಎಲ್ಲದರ ಆಯ್ಕೆಯೂ ಈ ಎರಡು ಉತ್ತರಗಳ ಮೇಲೆ ನಿಂತಿದೆ.

ಇಲ್ಲಿ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಮುಂದಿಟ್ಟುಕೊಂಡು ಹೇಳುತ್ತೇವೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ತೆರೆದ ರೋಡ್‌ಸ್ಟರ್ ಮೊದಲು ಬಂತು, ಮೇಲ್ಛಾವಣಿ ಇರುವ ಜಿಟಿ 1965ರಲ್ಲಿ ಸೇರಿತು. ಮನೆಯ ಶೆಡ್ಡಿನಲ್ಲಿ ಪುನರುಜ್ಜೀವನ ಮಾಡುವವರಿಗೆ ಇದಕ್ಕಿಂತ ಅನುಕೂಲದ ಕಾರು ಸಿಗುವುದು ಕಷ್ಟ, ಏಕೆಂದರೆ ಇದರ ಹೆಚ್ಚುಕಡಿಮೆ ಪ್ರತಿಯೊಂದು ತಗಡೂ ಇಂದಿಗೂ ಹೊಸದಾಗಿ ಸಿಗುತ್ತದೆ. ಕಷ್ಟ ಕೊಡುವುದೂ ಇದೇ ಕಾರು. ಚಳಿಗಾಲದಲ್ಲಿ ಉಪ್ಪು ಎರಚಿದ ರಸ್ತೆಗಳಲ್ಲಿ ಓಡಿದ ಗಾಡಿಯ ಅಡಿಭಾಗ ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿನಂತಿರುತ್ತದೆ: ಮೇಲೆ ಬಣ್ಣ ಸರಿಯಾಗಿದೆ, ಒಳಗೆ ಟೊಳ್ಳು.

ಹೆಸರಿಗೆ ಹೊಸ್ತಿಲು, ಕೆಲಸಕ್ಕೆ ತೊಲೆ

ಬಾಗಿಲಿನ ಕೆಳಗೆ ಉದ್ದಕ್ಕೆ ಸಾಗುವ ಪೆಟ್ಟಿಗೆಯಂಥ ಭಾಗವೇ ಸಿಲ್. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲ್ಛಾವಣಿಯೂ ಇಲ್ಲದ ಕಾರಣ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಒಟ್ಟಿಗೆ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಎರಡು ಬದಿಯ ಸಿಲ್ಲುಗಳದು. ಪ್ರತಿ ಸಿಲ್ಲಿನಲ್ಲೂ ಹಲವು ತಗಡುಗಳು ಸೇರಿವೆ. ಹೊರಗೆ ಕಾಣುವುದು ಹೊರ ಸಿಲ್. ನಡುವೆ ನಿಂತಿರುವ ತಗಡು ಮೆಂಬ್ರೇನ್. ಒಳಬದಿಯಲ್ಲಿ ಒಳ ಸಿಲ್, ತಳದಲ್ಲಿ ಕ್ಯಾಸಲ್ ರೈಲ್ ಎಂದು ಕರೆಯುವ ಪಟ್ಟಿ. ಹೊರ ಸಿಲ್ ಬಾಗಿಲಿನ ಅಗಲಕ್ಕೆ ಮುಗಿಯುವುದಿಲ್ಲ. ಮುಂದೆ ಫೆಂಡರಿನ ಅಡಿಗೂ ಹಿಂದೆ ಹಿಂಬದಿ ಫೆಂಡರಿನ ಅಡಿಗೂ ನುಗ್ಗಿರುತ್ತದೆ. ಅರ್ಧಂಬರ್ಧ ರಿಪೇರಿಗಳು ಹುಟ್ಟುವುದು ಇಲ್ಲೇ. ಕಾಣುವ ಭಾಗವನ್ನಷ್ಟೇ ಕತ್ತರಿಸಿ ಹೊಸ ತಗಡು ಅಂಟಿಸಿದರೆ ಎರಡು ತುದಿಗಳಲ್ಲಿ ಕೊಳೆತದ್ದು ಕೊಳೆತೇ ಉಳಿಯುತ್ತದೆ, ತೊಲೆಗೆ ಗೋಡೆಯ ಆಸರೆ ಇಲ್ಲದಂತಾಗುತ್ತದೆ.

1960ರ ದಶಕದಲ್ಲಿ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಅದರ ಸಿಲ್ ಹೆಚ್ಚಾಗಿ ಅಂದಕ್ಕೆ. ಅಲ್ಲಿ ನೋಡಬೇಕಾದದ್ದು ಚಾಸಿಯ ಅಡ್ಡತೋಳುಗಳನ್ನು. ಅದೇ ಚಾಸಿಯ ವಂಶದ ಟ್ರಯಂಫ್ ಸ್ಪಿಟ್‌ಫೈರ್‌ನಲ್ಲಿ ಹೊರ ಅಂಚಿನ ಚಾಸಿ ಪಟ್ಟಿಗಳಿಲ್ಲ, ಆ ಕೆಲಸ ಬಾಡಿಯ ಸಿಲ್ಲಿಗೆ ಬಿದ್ದಿದೆ. ಒಂದೇ ಮನೆತನದ ಎರಡು ಕಾರು, ಒಂದೇ ಜಾಗದ ತೂತು, ಉತ್ತರ ಮಾತ್ರ ಬೇರೆ. ಎಂಜಿಬಿ ಅಲ್ಲದ ಕಾರು ನಿಮ್ಮಲ್ಲಿದ್ದರೆ ಮೊದಲು ಇದನ್ನು ತಿಳಿದುಕೊಳ್ಳಿ.

ಮೊದಲು ಚುಚ್ಚಿ ನೋಡಿ

ಒಂದು ಚಪ್ಪಟೆ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಅಯಸ್ಕಾಂತ, ಟಾರ್ಚು ಸಾಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಕಣಕಣ ಎನ್ನುತ್ತದೆ, ಕೊಳೆತದ್ದು ಬೊದಬೊದ ಎನ್ನುತ್ತದೆ. ತೆಳ್ಳನೆ ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲಿ ಜಾರುತ್ತದೋ ಅಲ್ಲಿ ದಪ್ಪ ಪುಟ್ಟಿಯೋ ಫೈಬರ್‌ಗ್ಲಾಸೋ ಇದೆ ಎಂದರ್ಥ.

ಎಂಜಿಬಿಯಲ್ಲಿ ತಪ್ಪದೆ ನೋಡಬೇಕಾದ ಜಾಗಗಳಿವು. ಮುಂದಿನ ಚಕ್ರದ ಹಿಂದೆ ಕೆಸರು ತಡೆಯಲು ನಿಲ್ಲಿಸಿದ ತಗಡು: ಅದರ ರಬ್ಬರ್ ಅಂಚು ಹರಿದರೆ ಕೆಸರು ನೇರ ಸಿಲ್ಲಿನ ಮುಂತುದಿಗೆ ಹೋಗಿ ಕೂರುತ್ತದೆ. ಹಿಂದಿನ ಚಕ್ರದ ಮುಂದಿನ ಕೆಳಭಾಗ, ಅಂದರೆ ಡಾಗ್‌ಲೆಗ್. ಸೀಟುಗಳ ಹಿಂದಿನ ಬ್ಯಾಟರಿ ಪೆಟ್ಟಿಗೆಗಳು: 1974ರವರೆಗೆ ಇಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು, ಚೆಲ್ಲಿದ ಆಮ್ಲ ತಗಡನ್ನು ತಿಂದಿರುತ್ತದೆ. ಜಾಕಿ ಕೊಡುವ ಜಾಗ. ಹಿಂದಿನ ಸ್ಪ್ರಿಂಗಿನ ಮುಂದಿನ ತುದಿ ಬಾಡಿಗೆ ಕೂರುವ ಹ್ಯಾಂಗರ್. ಪೆಟ್ರೋಲ್ ಟ್ಯಾಂಕಿನ ಮೇಲ್ಮೈ, ಏಕೆಂದರೆ ಡಿಕ್ಕಿಯ ನೆಲಕ್ಕೂ ಟ್ಯಾಂಕಿಗೂ ನಡುವೆ ಮಣ್ಣು ಸಿಕ್ಕಿಕೊಳ್ಳುತ್ತದೆ. ವಿಂಡ್‌ಸ್ಕ್ರೀನ್ ಮುಂದಿನ ಗಾಳಿ ಕಿಂಡಿಯಿಂದ ನೀರು ಇಳಿದುಹೋಗುವ ಕೊಳವೆಗೆ ಎಲೆ ತುಂಬಿದರೆ ನೀರು ಕಾರಿನೊಳಗೆ ಬಂದು ಕಾರ್ಪೆಟ್ ಅಡಿಯ ನೆಲವನ್ನು ಕೊಳೆಯಿಸುತ್ತದೆ.

ಸಿಲ್ಲಿನ ಬಲ ತಿಳಿಯಲು ಬೇರೊಂದು ಪರೀಕ್ಷೆ ಇದೆ. ಬಾಗಿಲು ಮುಚ್ಚಿ, ಬಾಗಿಲಿನ ಹಿಂದಂಚಿನ ಸಂದಿಯನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಕಾರಿನ ಒಂದು ಬದಿಗೆ ಜಾಕಿ ಕೊಟ್ಟು ಚಕ್ರ ಎತ್ತಿ ಮತ್ತೆ ಅಳೆಯಿರಿ, ಬಾಗಿಲು ತೆಗೆದು ನೋಡಿ. ಸಂದಿ ಕಣ್ಣಿಗೆ ಕಾಣುವಷ್ಟು ಬದಲಾದರೆ ಅಥವಾ ಬಾಗಿಲು ಉಜ್ಜಿದರೆ ಸಿಲ್ ಸೋತಿದೆ. ಹೊರಗಿನ ಬಣ್ಣ ಎಷ್ಟೇ ಮಿಂಚಲಿ, ಈ ಪರೀಕ್ಷೆಯಲ್ಲಿ ಸೋತ ಕಾರಿಗೆ ತೇಪೆಯ ಯೋಚನೆ ಬೇಡ. ಸೋತ ಸಿಲ್ಲಿನ ಜಾಕಿ ಜಾಗವೇ ಕುಸಿಯಬಹುದು, ಹಾಗಾಗಿ ಜಾಕಿಯನ್ನು ಅಡಿಯ ಗಟ್ಟಿ ತೊಲೆಗೆ ಕೊಡಿ, ಜಾಕಿಯ ಮೇಲಷ್ಟೇ ನಿಂತ ಕಾರಿನ ಅಡಿಗೆ ಹೋಗಬೇಡಿ.

ತುಕ್ಕು ತೆಗೆಯುವುದು: ಯಾವ ಭಾಗಕ್ಕೆ ಯಾವುದು

ಕೈಗೆ ಸಿಗುವ ಬಾಡಿ ತಗಡಿಗೆ 115 ಮಿ.ಮೀ. ಗ್ರೈಂಡರಿಗೆ ಹಾಕುವ ನೈಲಾನ್ ಸ್ಟ್ರಿಪ್ ಡಿಸ್ಕ್ ನಮ್ಮ ಮೊದಲ ಆಯ್ಕೆ. ಅದು ಬಣ್ಣ, ತುಕ್ಕು ಎರಡನ್ನೂ ತೆಗೆಯುತ್ತದೆ, ಒಳ್ಳೆಯ ಕಬ್ಬಿಣವನ್ನು ಹೆಚ್ಚು ತಿನ್ನುವುದಿಲ್ಲ. ತಂತಿ ಚಕ್ರ ಬೇಗ ಓಡುತ್ತದೆ, ಆದರೆ ತುಕ್ಕಿನ ಮೇಲ್ಮೈಯನ್ನು ಉಜ್ಜಿ ಹೊಳಪು ಕೊಟ್ಟು, ಗುಳಿಗಳ ತಳದಲ್ಲಿ ಕಪ್ಪು ಪದರವನ್ನು ಹಾಗೇ ಬಿಡುತ್ತದೆ. ಹೊಳೆಯುವುದೆಲ್ಲ ಶುದ್ಧ ಎಂದು ಕಣ್ಣು ಮೋಸಹೋಗುತ್ತದೆ. ಮರಳುಕಾಗದದ ಪಟ್ಟಿಗಳಿರುವ ಫ್ಲಾಪ್ ಡಿಸ್ಕ್ ಬೆಸುಗೆಯನ್ನು ಸಮತಟ್ಟಾಗಿಸಲು ಒಳ್ಳೆಯದು. ತುಕ್ಕು ತೆಗೆಯಲು ಅದನ್ನೇ ಒತ್ತಿ ಹಿಡಿದರೆ 0.9 ಮಿ.ಮೀ. ತಗಡು ನೋಡುತ್ತಿದ್ದಂತೆ 0.6 ಆಗುತ್ತದೆ.

ಮರಳು ಊದುವ ಬ್ಲಾಸ್ಟಿಂಗ್ ಗುಳಿಗಳ ತಳದವರೆಗೂ ಹೋಗುವ ಕೆಲವೇ ವಿಧಾನಗಳಲ್ಲಿ ಒಂದು. ಆಕ್ಸಲ್ ಕವಚ, ಮುಂದಿನ ಅಡ್ಡತೊಲೆಯಾದ ಕ್ರಾಸ್‌ಮೆಂಬರ್, ಸ್ಪ್ರಿಂಗ್ ಹ್ಯಾಂಗರ್, ಬಾಗಿಲ ಕೀಲಿನಂಥ ದಪ್ಪ ಭಾಗಗಳಿಗೆ ಇದನ್ನೇ ಮಾಡಿಸಿ. ಬಾನೆಟ್, ಬಾಗಿಲಿನ ಹೊರತಗಡು, ಜಿಟಿಯ ಮೇಲ್ಛಾವಣಿಗೆ ಬೇಡ. ಕಣಗಳ ಹೊಡೆತಕ್ಕೆ ತಗಡಿನ ಒಂದು ಮುಖ ಹಿಗ್ಗಿ ಇಡೀ ಹಾಳೆ ಹಪ್ಪಳದಂತೆ ಸೊಟ್ಟಗಾದರೆ ಅದನ್ನು ಮತ್ತೆ ನೇರ ಮಾಡುವುದು ಪಳಗಿದ ಟಿಂಕರ್‌ಗೂ ಕಷ್ಟ. ಆರಂಭದ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಂನದು, ಅದನ್ನಂತೂ ಬ್ಲಾಸ್ಟಿಂಗಿಗೆ ಕೊಡಲೇಬೇಡಿ. ಹೊಳೆಮರಳಿನಿಂದ ಮನೆಯಲ್ಲಿ ಊದಬೇಡಿ: ಸಿಲಿಕಾ ದೂಳು ಶ್ವಾಸಕೋಶದಲ್ಲಿ ಉಳಿದು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಔಷಧಿ ಇಲ್ಲ. ಪುಡಿ ಗಾಜು ಅಥವಾ ಗಾರ್ನೆಟ್ ಬಳಸುವ ಕಡೆ ಕೊಡಿ. ಇಡೀ ಶೆಲ್, ಅಂದರೆ ಬಿಡಿಭಾಗಗಳೆಲ್ಲ ಬಿಚ್ಚಿದ ಬರಿಯ ಬಾಡಿ, ಊದಿಸಿದರೆ ಪೆಟ್ಟಿಗೆ ಭಾಗಗಳೊಳಗೆ ಸೇರಿದ ಕಣಗಳನ್ನು ಗಾಳಿ ಹೊಡೆದು, ಕಾರನ್ನು ತಿರುಗಿಸಿ, ಮತ್ತೆ ಗಾಳಿ ಹೊಡೆದು ತೆಗೆಯಬೇಕು. ಉಳಿದ ಕಣಗಳು ಬಣ್ಣ ಹೊಡೆಯುವ ದಿನ ಉದುರುತ್ತವೆ.

ಬಿಚ್ಚಿ ತೆಗೆಯಬಹುದಾದ ಸಣ್ಣ ಭಾಗಗಳಿಗೆ ನೆನೆಹಾಕುವ ದಾರಿ ಇದೆ. ಹಿತ್ತಾಳೆ ಪಾತ್ರೆಯ ಕಿಲುಬಿಗೆ ಹುಣಸೆಹಣ್ಣು ಉಜ್ಜುವುದನ್ನು ಹೋಲುವ ರಸಾಯನವೇ ಸಿಟ್ರಿಕ್ ಆಮ್ಲದಲ್ಲಿಯೂ ನಡೆಯುವುದು. ಮೂರು ದ್ರಾವಣಗಳನ್ನು ಹೋಲಿಸಿ ನೋಡಬಹುದು.

ಸಿಟ್ರಿಕ್ ಆಮ್ಲ: ಲೀಟರ್ ನೀರಿಗೆ 30ರಿಂದ 50 ಗ್ರಾಂ. ಉಗುರುಬೆಚ್ಚಗಿದ್ದರೆ ಒಂದು ರಾತ್ರಿ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯ ಕಬ್ಬಿಣವೂ ಕಪ್ಪಾಗಿ ಕೊರೆಯುತ್ತದೆ. ತೆಗೆದ ಕೂಡಲೇ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ.

ಕಾಕಂಬಿ: ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಮುಚ್ಚಿದ ಡ್ರಮ್ಮಿನಲ್ಲಿ ಒಂದರಿಂದ ಮೂರು ವಾರ. ಪಶು ಆಹಾರಕ್ಕೆಂದು ಮಾರುವ ಕಾಕಂಬಿಯೇ ಆದೀತು. ಕಬ್ಬಿಣಕ್ಕೆ ಹೆಚ್ಚು ಹಾನಿ ಮಾಡದೆ ತುಕ್ಕನ್ನು ಕರಗಿಸುತ್ತದೆ. ಅಲ್ಯೂಮಿನಿಯಂ, ಸತು ಇರುವ ಭಾಗಗಳನ್ನು ಹಾಕಬೇಡಿ, ಅವು ಕರಗಿಹೋಗುತ್ತವೆ. ವಾಸನೆ ಬಹಳ, ಮನೆಯಿಂದ ದೂರ ಇಡಿ.

ವಿದ್ಯುತ್ ವಿಧಾನ: ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರಿಗೆ 5ರಿಂದ 10 ಗ್ರಾಂ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತುದಿ ತುಕ್ಕು ಹಿಡಿದ ಭಾಗಕ್ಕೆ, ಧನ ತುದಿ ಬೇಡದ ಕಬ್ಬಿಣದ ತುಂಡಿಗೆ. ಅದಲುಬದಲಾದರೆ ನಿಮ್ಮ ಭಾಗವೇ ಕರಗುತ್ತದೆ. ಕಬ್ಬಿಣದ ತುಂಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಿ, ಹತ್ತಿರ ಕಿಡಿ ಇರಕೂಡದು.

ಸ್ಪ್ರಿಂಗ್, ಸಸ್ಪೆನ್ಷನ್ನಿನ ಗಡಸು ಬೋಲ್ಟುಗಳನ್ನು ಆಮ್ಲಕ್ಕೂ ವಿದ್ಯುತ್ ತೊಟ್ಟಿಗೂ ಹಾಕಬೇಡಿ. ಹೈಡ್ರೋಜನ್ ಲೋಹದೊಳಗೆ ಹೊಕ್ಕರೆ ಅವು ಮುನ್ಸೂಚನೆ ಕೊಡದೆ ಮುರಿಯುತ್ತವೆ. ಅಂಥ ಬೋಲ್ಟು ತುಕ್ಕು ಹಿಡಿದಿದ್ದರೆ ಹೊಸದು ಹಾಕಿ.

ಇನ್ನು ರಸ್ಟ್ ಕನ್ವರ್ಟರ್. ಟ್ಯಾನಿಕ್ ಆಮ್ಲ ಇರುವ ಬಾಟಲಿಗಳು ತುಕ್ಕನ್ನು ಕಪ್ಪು ಪದರವಾಗಿಸುತ್ತವೆ, ಫಾಸ್ಫರಿಕ್ ಆಮ್ಲ ಇರುವವು ಬೂದು ಫಾಸ್ಫೇಟ್ ಮಾಡುತ್ತವೆ. ಎರಡೂ ಕೆಲಸ ಮಾಡುವುದು ದ್ರವ ಮುಟ್ಟಿದಷ್ಟು ಆಳಕ್ಕೆ ಮಾತ್ರ. ಸಡಿಲ ತುಕ್ಕು ಕೆರೆದ ಮೇಲೆ ಗುಳಿಗಳಲ್ಲಿ ಉಳಿದ ಕಂದು ಕಲೆಗೆ ಇದು ಸರಿ. ಪದರ ಪದರವಾಗಿ ಎದ್ದ ತುಕ್ಕಿಗೆ, ಎರಡು ತಗಡು ಸೇರುವ ಸಂಧಿಗೆ, ಹಿಂಬದಿ ಕಾಣದ ಜಾಗಕ್ಕೆ ಬಳಸಿದರೆ ಮೇಲ್ಪದರ ಕಪ್ಪಾಗುತ್ತದೆ, ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ.

ತೇಪೆ, ಅರ್ಧ ಪ್ಯಾನೆಲ್, ಪೂರ್ತಿ ಪ್ಯಾನೆಲ್, ಶೆಲ್

ತೇಪೆ ಎಂದರೆ ಕೈಯಲ್ಲಿ ಕತ್ತರಿಸಿ ಬಾಗಿಸಿದ ತುಂಡು. ಕಾರಿನ ನೆಲದ ನಡುವೆ, ಡಿಕ್ಕಿಯ ನೆಲದಲ್ಲಿ, ಒಳ ಫೆಂಡರಿನಲ್ಲಿ, ಎರಡೂ ಬದಿಗೆ ಕೈ ಹೋಗುವ ಕಡೆ ಇದು ಒಳ್ಳೆಯ ಆಯ್ಕೆ. ಬಾಡಿಯ ಹೊರ ಮೈಗೆ 0.9 ಮಿ.ಮೀ., ಭಾರ ಹೊರುವ ಕಡೆ 1.2 ಮಿ.ಮೀ. ಮೈಲ್ಡ್ ಸ್ಟೀಲ್ ಹಾಳೆ ತನ್ನಿ. ಗೇಟಿನ ಕೆಲಸಕ್ಕೆ ಬಳಸುವ ಜಿಐ ತಗಡು ಬೇಡ, ಬೆಸುಗೆಯಲ್ಲಿ ಸತುವಿನ ಹೊಗೆ ಜ್ವರ ತರುತ್ತದೆ, ಬೆಸುಗೆಯೂ ತೂತು ತೂತಾಗುತ್ತದೆ. ಕಾಣುವ ತುಕ್ಕಿನಿಂದ 25–30 ಮಿ.ಮೀ. ಆಚೆಗೆ ಕತ್ತರಿಸಿ. ಅಂಚು ಮುಟ್ಟಿದರೆ ಪೂರ್ಣ ದಪ್ಪ ಸಿಗಬೇಕು, ಇಲ್ಲದಿದ್ದರೆ ಇನ್ನೂ ಆಚೆ ಹೋಗಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ: ಚೂಪು ಮೂಲೆಯಲ್ಲಿ ಶಾಖ ಸೇರಿ ತೂತು ಬೀಳುತ್ತದೆ, ಮುಂದೆ ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಅಚ್ಚಿನಲ್ಲಿ ಒತ್ತಿದ ಅರ್ಧ ಪ್ಯಾನೆಲ್‌ಗಳು, ಉದಾಹರಣೆಗೆ ಡಾಗ್‌ಲೆಗ್, ಹಿಂದಿನ ಚಕ್ರದ ಕಮಾನು, ಬಾಗಿಲಿನ ಕೆಳ ಪಟ್ಟಿ, ಆಕಾರ ಮುಖ್ಯವಾದ ಕಡೆ ಬೇಕು. ಎರಡು ಕಡೆ ಬಾಗಿದ ಆಕಾರವನ್ನು ಮನೆಯಲ್ಲಿ ಸುತ್ತಿಗೆಯಿಂದ ತರುವುದಕ್ಕೆ ವರ್ಷಗಳ ಅಭ್ಯಾಸ ಬೇಕು. ಪ್ಯಾನೆಲ್ ದೊಡ್ಡದಾಗಿ ಬಂದಿದೆ ಎಂದು ಅಷ್ಟನ್ನೂ ಬಳಸಬೇಕಾಗಿಲ್ಲ. ಕಾರಿನ ಕೊಳೆತ ಭಾಗಕ್ಕೆ ಬೇಕಾದಷ್ಟೇ ಕತ್ತರಿಸಿ, ಬೆಸುಗೆಯ ಗೆರೆಯನ್ನು ಚಪ್ಪಟೆ ಮೈಯ ನಡುವಿನಿಂದ ಮಡಿಕೆಯ ಹತ್ತಿರಕ್ಕೆ ಸರಿಸಿ, ಅಲ್ಲಿ ತಗಡು ಕಡಿಮೆ ಸೊಟ್ಟಗಾಗುತ್ತದೆ.

ಮುಂದಿನ ಫೆಂಡರ್ ಬೋಲ್ಟಿನಲ್ಲಿ ಕೂರುವುದರಿಂದ ಅದು ತೀರಾ ಹಾಳಾಗಿದ್ದರೆ ಪೂರ್ತಿ ಬದಲಿಸುವುದೇ ಸುಲಭ. ಸಿಲ್, ನೆಲದ ಪ್ಯಾನೆಲ್, ಕ್ಯಾಸಲ್ ರೈಲ್‌ಗಳಿಗೂ ಪೂರ್ತಿ ಪ್ಯಾನೆಲ್ಲೇ ನಮ್ಮ ಸಲಹೆ. ಹಳೆ ಸಿಲ್ಲಿನ ಮೇಲೆ ಕವಚದಂತೆ ಹೊಂದಿಸುವ ಕವರ್ ಸಿಲ್ ಎಂಬುದೊಂದು ಸಿಗುತ್ತದೆ. ಒಂದು ವಾರಾಂತ್ಯದಲ್ಲಿ ಕೆಲಸ ಮುಗಿಯುತ್ತದೆ, ನೋಡಲು ಚೆಂದ. ಆದರೆ ಭಾರ ಹೊರುವ ಒಳ ತಗಡು ಕೊಳೆತೇ ಇರುತ್ತದೆ, ಎರಡು ತಗಡಿನ ನಡುವೆ ನೀರು ನಿಲ್ಲಲು ಹೊಸ ಜಾಗವೂ ಆಗುತ್ತದೆ. ಅದನ್ನು ಯಾವ ಬೆಲೆಗೂ ಹಾಕಬೇಡಿ.

ಪ್ಯಾನೆಲ್ ಕೊಳ್ಳುವಾಗ ಮೂಲ ಅಚ್ಚಿನಲ್ಲಿ ಒತ್ತಿದ್ದೋ ನಕಲು ಅಚ್ಚಿನದೋ ಕೇಳಿ. ನಕಲು ಅಗ್ಗ, ಆದರೆ ಅಂಚುಗಳ ಮಡಿಕೆ ಮೊಂಡಾಗಿರುತ್ತದೆ, ಹೊಂದಿಸಲು ಗಂಟೆಗಟ್ಟಲೆ ಬೇಕು. ಮೇಲಿನ ಕಪ್ಪು ಬಣ್ಣವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ. ಬಣ್ಣ ಬಟ್ಟೆಗೆ ಬಂದರೆ ಅದು ಸಾಗಣೆಗಾಗಿ ಬಳಿದದ್ದು, ಪೂರ್ತಿ ತೆಗೆದು ಪ್ರೈಮರ್ ಹೊಡೆಯಬೇಕು. ಬರದಿದ್ದರೆ ಅದು ವಿದ್ಯುತ್ ಲೇಪ, ಸ್ವಲ್ಪ ಉಜ್ಜಿ ಅದರ ಮೇಲೇ ಮುಂದುವರಿಯಬಹುದು. ಹೊಸ ಪ್ಯಾನೆಲ್ ಕಾರಿನ ಮೇಲೆ ಸರಿಯಾಗಿ ಕೂತಿದ್ದನ್ನು ನೋಡುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಬೋಲ್ಟಿನ ತೂತು, ಮಡಿಕೆಯ ಅಗಲ ಅಳೆಯಲು ಅದೊಂದೇ ಆಧಾರ.

ಹೊಸ ಶೆಲ್ಲಿನ ಮಾತು. ಬ್ರಿಟಿಷ್ ಮೋಟರ್ ಹೆರಿಟೇಜ್ 1988ರಿಂದ ಎಂಜಿಬಿಯ ಪೂರ್ತಿ ಬಾಡಿ ಶೆಲ್ಲನ್ನು ಮೂಲ ಅಚ್ಚುಗಳನ್ನೇ ಬಳಸಿ ತಯಾರಿಸುತ್ತಿದೆ. ಎರಡೂ ಸಿಲ್, ಎರಡೂ ನೆಲ, ಸ್ಪ್ರಿಂಗ್ ಹ್ಯಾಂಗರ್, ಒಳ ಫೆಂಡರ್, ಜೊತೆಗೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಬಲ್ಕ್‌ಹೆಡ್ಡಿನ ಕೆಳಭಾಗ ಎಲ್ಲವೂ ಹೋಗಿದ್ದರೆ ಶೆಲ್ ಕೊಳ್ಳುವುದು ಲೆಕ್ಕಕ್ಕೆ ಸರಿ. ಅಷ್ಟು ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು ಬೆಸೆದರೂ ಕೊನೆಗೆ ಕಾರು ನೇರ ಬರುತ್ತದೆಂಬ ಖಾತರಿ ಇರದು. ಸಿಲ್ಲು, ನೆಲ, ಡಾಗ್‌ಲೆಗ್‌ಗಳಷ್ಟೇ ಹೋಗಿದ್ದರೆ ರಿಪೇರಿಯೇ ಲೇಸು. ಶೆಲ್ ಆರಿಸುವ ಮುಂಚೆ ನೋಂದಣಿ ಕಚೇರಿಯಲ್ಲಿ ಕೇಳಿ, ಹಳೆಯ ಶೆಲ್ಲಿನ ನಂಬರ್ ಪಟ್ಟಿಗಳನ್ನು ಬಿಚ್ಚುವ ಮುಂಚೆ ಫೋಟೊ ತೆಗೆದಿಡಿ. ಗಾಡಿಯ ಗುರುತು ಕಳೆದರೆ ಎಷ್ಟು ಚೆಂದ ಕಟ್ಟಿದರೂ ಕಾಗದದಲ್ಲಿ ಅದು ಅನಾಥ.

ಬ್ರಿಟನ್ನಿನಲ್ಲಿ 2018ರ ಮೇ 20ರಿಂದ, 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರುಗಳಿಗೆ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ಪರೀಕ್ಷೆ ಕಡ್ಡಾಯವಲ್ಲ. ಆದರೂ ಆ ಪರೀಕ್ಷೆಯ ಅಳತೆಗೋಲನ್ನೇ ಮನೆಯಲ್ಲಿ ಇಟ್ಟುಕೊಳ್ಳಿ: ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್, ಸೀಟ್ ಬೆಲ್ಟ್ ಕೂರುವ ಜಾಗಗಳಿಂದ 30 ಸೆಂ.ಮೀ. ಒಳಗೆ ಕೊಳೆತ ತಗಡು ಇರಕೂಡದು, ಅಲ್ಲಿ ಹಾಕಿದ ತೇಪೆಗೆ ಸುತ್ತಲೂ ಬಿಡದೆ ಬೆಸುಗೆ ಇರಬೇಕು. ಪುಟ್ಟಿ, ರಿವೆಟ್, ಅಂಟು, ಹಿತ್ತಾಳೆ ಬೆಸುಗೆ ಯಾವುದೂ ಅಲ್ಲಿ ನಡೆಯದು.

ಬೆಸುಗೆ ಯಾವುದು

ಮನೆಗೆ ಒಂದೇ ಯಂತ್ರ ಕೊಳ್ಳುವುದಾದರೆ ಗ್ಯಾಸ್ ಇರುವ ಮಿಗ್ ವೆಲ್ಡರ್. ನಮ್ಮ ಊರಿನ ಗ್ಯಾರೇಜುಗಳಲ್ಲಿ ಸಿಒಟು ವೆಲ್ಡಿಂಗ್ ಎನ್ನುವುದು ಇದನ್ನೇ. 0.6 ಮಿ.ಮೀ. ತಂತಿ, ಆರ್ಗಾನ್ ಜೊತೆ 5ರಿಂದ 20 ಪ್ರತಿಶತ ಸಿಒಟು ಬೆರೆತ ಗ್ಯಾಸ್, ನಿಮಿಷಕ್ಕೆ 8–12 ಲೀಟರ್. ಬರೀ ಸಿಒಟು ಅಗ್ಗ, ಆದರೆ ಶಾಖ ಹೆಚ್ಚು, ಕಿಡಿ ಹೆಚ್ಚು, ತೆಳು ತಗಡು ಬೇಗ ತೂತಾಗುತ್ತದೆ. ಗ್ಯಾಸ್ ಬೇಡದ ಫ್ಲಕ್ಸ್ ತಂತಿಯ ಯಂತ್ರ 0.9 ಮಿ.ಮೀ. ತಗಡಿಗೆ ಒಗ್ಗುವುದಿಲ್ಲ. ಗ್ರಿಲ್ ಅಂಗಡಿಯ ಕಡ್ಡಿ ವೆಲ್ಡಿಂಗನ್ನು ಕಾರಿನ ಬಾಡಿಯ ಹತ್ತಿರ ತರಲೇಬೇಡಿ.

ಟಂಗ್ಸ್ಟನ್ ಕಡ್ಡಿಯಿಂದ ಮಾಡುವ ಟಿಗ್ ಬೆಸುಗೆ ಮೆದು, ಸುತ್ತಿಗೆಯಿಂದ ತಟ್ಟಿ ಸರಿಮಾಡಬಹುದು, ಹೊರ ಫೆಂಡರಿಗೆ ಅದಕ್ಕಿಂತ ಚೆಂದ ಬೇರೆ ಇಲ್ಲ. ಆದರೆ ತಗಡು ಕನ್ನಡಿಯಂತೆ ಶುದ್ಧವಿರಬೇಕು, ಎರಡು ಅಂಚಿನ ನಡುವೆ ಸಂದಿ ಇರಕೂಡದು, ಕಾರಿನ ಅಡಿಯಲ್ಲಿ ಮಲಗಿ ಮಾಡುವುದು ಕಷ್ಟ. ಹಳೆಯ ಟಿಂಕರ್‌ಗಳ ಆಕ್ಸಿ-ಅಸಿಟಲೀನ್ ಬೆಸುಗೆಯೂ ಮೆದುವೇ, ಆದರೆ ಶಾಖ ದೂರದವರೆಗೆ ಹರಡುತ್ತದೆ, ಮನೆಯಲ್ಲಿ ಆ ಸಿಲಿಂಡರ್ ಇಡುವುದು ಸಣ್ಣ ಹೊಣೆಯಲ್ಲ. ಎಪಾಕ್ಸಿ ಅಂಟನ್ನು ಬಾಗಿಲಿನ ಹೊರತಗಡಿನ ಮಡಿಕೆಗೆ ಬಳಸಬಹುದು, ಸಿಲ್ಲಿಗೆ ಬೇಡ.

ಅಂಚಿಗೆ ಅಂಚು ಸೇರಿಸುವ ಬಟ್ ಬೆಸುಗೆ ಹೊರ ಮೈಗೆ. ಮಿಗ್ ಆದರೆ ನಡುವೆ ಸುಮಾರು 0.8 ಮಿ.ಮೀ. ಸಂದಿ ಬಿಡಿ. ಒಂದು ಅಂಚನ್ನು 12 ಮಿ.ಮೀ. ಮೆಟ್ಟಿಲು ಮಾಡಿ ಇನ್ನೊಂದನ್ನು ಅದರ ಮೇಲೆ ಕೂರಿಸುವ ಜಾಗಲ್ ಸಂಧಿ ಸುಲಭ, ಸೊಟ್ಟಗಾಗುವುದು ಕಡಿಮೆ, ಆದರೆ ಹಿಂದೆ ನೀರು ನಿಲ್ಲುವ ಅಂಚು ಹುಟ್ಟುತ್ತದೆ. ಇಲ್ಲಿ ಎರಡನೆಯ ಪ್ರಶ್ನೆಗೆ ಮರಳಿ: ಹಿಂಬದಿಗೆ ಸೀಲರ್ ಬಳಿಯಲು ಕೈ ಹೋಗುವುದಾದರೆ ಜಾಗಲ್ ಸರಿ, ಇಲ್ಲವಾದರೆ ಬಟ್.

ಉದ್ದಕ್ಕೆ ಗೆರೆ ಎಳೆದಂತೆ ಬೆಸೆಯಬೇಡಿ. 25–30 ಮಿ.ಮೀ.ಗೆ ಒಂದರಂತೆ ಚುಕ್ಕಿ ಹಾಕಿ, ಆ ಚುಕ್ಕಿಗಳ ನಡುವೆ ಮತ್ತೊಂದು, ಹೀಗೆ ಜಾಗ ಬದಲಿಸುತ್ತಾ ತುಂಬಿ. ಬೆರಳಿಟ್ಟರೆ ತಡೆಯುವಷ್ಟು ತಣ್ಣಗಾದ ಮೇಲೆ ಅದೇ ಜಾಗಕ್ಕೆ ಬನ್ನಿ. ಬೆಸುಗೆಯಲ್ಲಿ ಸಣ್ಣ ಸಣ್ಣ ರಂಧ್ರ ಕಂಡರೆ ಗ್ಯಾಸನ್ನು ಗಾಳಿ ಹಾರಿಸುತ್ತಿದೆ ಅಥವಾ ತಗಡಿನಲ್ಲಿ ಬಣ್ಣ ಉಳಿದಿದೆ. ಗುಬ್ಬಿ ಕೂತಂತೆ ಮೇಲೆ ಮಾತ್ರ ಕೂತರೆ ಕರೆಂಟ್ ಕಡಿಮೆ. ಹಿಂಬದಿಯಲ್ಲಿ ಬೆಸುಗೆ ತೂರಿ ಬಂದಿರುವುದನ್ನು ಬೇಡದ ತುಂಡಿನ ಮೇಲೆ ಮೊದಲೇ ನೋಡಿಕೊಳ್ಳಿ.

ಬೆಸುಗೆಗೆ ಮುನ್ನ ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಎರಡನ್ನೂ ಕಾರಿನಿಂದ ಹೊರಗಿಡಿ, ಕಾರ್ಪೆಟ್ ಅಡಿಯ ಡಾಂಬರಿನಂಥ ಶಬ್ದತಡೆ ಹಾಳೆಗಳನ್ನು ಕೆರೆದು ತೆಗೆಯಿರಿ, ಪಕ್ಕದಲ್ಲಿ ಬಕೆಟ್ ನೀರು, ಅಗ್ನಿಶಾಮಕ ಇರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತಗಡನ್ನು ಬೆಸೆಯಬೇಡಿ, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಳ್ಳೆಯ ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಸಿಲ್ ಬದಲಿಸುವ ಕ್ರಮ

1. ಕಾರನ್ನು ಸಮತಟ್ಟು ನೆಲದಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಸ್ಟ್ಯಾಂಡುಗಳು ಸಸ್ಪೆನ್ಷನ್ ಭಾರ ಬೀಳುವ ಜಾಗಗಳ ಹತ್ತಿರವಿರಲಿ, ಸಿಲ್ಲಿನ ಅಡಿಗೆ ಬೇಡ. ನೀರುಮಟ್ಟ ಹಿಡಿದು ನೋಡಿ.

2. ಬಾಗಿಲು ಹಾಕಿದ ಸ್ಥಿತಿಯಲ್ಲೇ ಸಂದಿಗಳನ್ನು ಅಳೆದು ಮಾಸ್ಕಿಂಗ್ ಟೇಪಿನ ಮೇಲೆ ಬರೆದಿಡಿ. ಬಾಗಿಲಿನ ಬಾಯಿಯ ಎರಡು ಕರ್ಣಗಳನ್ನೂ ಅಳೆಯಿರಿ.

3. 25 ಮಿ.ಮೀ. ಚೌಕ ಟ್ಯೂಬನ್ನು ಕೀಲಿನ ಕಂಬದಿಂದ ಲಾಕಿನ ಕಂಬಕ್ಕೆ, ಪ್ರತಿ ಬಾಗಿಲಿಗೆ ಎರಡರಂತೆ, ಒಳಬದಿಗೆ ಬೆಸೆಯಿರಿ. ಎರಡು ಲಾಕ್ ಕಂಬಗಳ ನಡುವೆಯೂ ಒಂದು ಅಡ್ಡ ಟ್ಯೂಬ್. ಟ್ಯೂಬ್ ಇದ್ದೂ ಬಾಗಿಲು ಮುಚ್ಚುವಂತಿರಬೇಕು, ಇಲ್ಲದಿದ್ದರೆ ಮುಂದೆ ಸಂದಿ ನೋಡಲಾಗದು. ಜಿಟಿಗೆ ಮೇಲ್ಛಾವಣಿಯ ಬಲವಿದ್ದರೂ ಇದನ್ನು ಬಿಡಬೇಡಿ.

4. ಮುಂದಿನ ಫೆಂಡರ್ ಬಿಚ್ಚಿ, ಡಾಗ್‌ಲೆಗ್ ಕತ್ತರಿಸಿ, ಸಿಲ್ಲಿನ ಎರಡು ತುದಿಗಳನ್ನೂ ಕಣ್ಣಿಗೆ ಕಾಣುವಂತೆ ಮಾಡಿ.

5. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಕಾರ್ಖಾನೆಯ ಸ್ಪಾಟ್ (ಚುಕ್ಕಿ) ಬೆಸುಗೆಗಳನ್ನು 8 ಮಿ.ಮೀ. ಸ್ಪಾಟ್ ಕಟರಿನಿಂದ ಮೇಲಿನ ತಗಡಿನಷ್ಟೇ ಆಳಕ್ಕೆ ಕೊರೆಯಿರಿ.

6. ಹಾಕುವ ಸರದಿ: ಒಳ ಸಿಲ್ಲಿನ ರಿಪೇರಿ, ಕ್ಯಾಸಲ್ ರೈಲ್, ಮೆಂಬ್ರೇನ್, ಕೊನೆಗೆ ಹೊರ ಸಿಲ್. ಬೆಸೆಯುವ ಮುಂಚೆ ಎಲ್ಲವನ್ನೂ ಕ್ಲಾಂಪು, ಸ್ಕ್ರೂಗಳಲ್ಲಿ ಹಿಡಿದು, ಬಾಗಿಲು, ಫೆಂಡರ್ ಎರಡನ್ನೂ ಹಾಕಿ, ಬರೆದಿಟ್ಟ ಅಳತೆಗೆ ತಾಳೆ ನೋಡಿ. ಸುತ್ತಲೂ 4–5 ಮಿ.ಮೀ. ಒಂದೇ ಸಮ ಬಂದರೆ ಬಹಳ ಒಳ್ಳೆಯದು.

7. ಹೊಸ ತಗಡಿನ ಅಂಚಿನಲ್ಲಿ 25–30 ಮಿ.ಮೀ.ಗೆ ಒಂದರಂತೆ 6 ಮಿ.ಮೀ. ತೂತು ಹಾಕಿ ಪ್ಲಗ್ ಬೆಸುಗೆ ತುಂಬಿ. ಕಾರ್ಖಾನೆಯ ಸ್ಪಾಟ್ ಬೆಸುಗೆಯ ಜಾಗಕ್ಕೆ ಇದು ಸಾಟಿ. ಎರಡು ತಗಡು ಮುಟ್ಟುವ ಮುಖಗಳಿಗೆ ಮೊದಲೇ ಬೆಸುಗೆಯ ಶಾಖ ತಾಳುವ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಇರಲಿ, ತೂತಿನ ಒಳಗೆ ಮಾತ್ರ ಅದನ್ನು ಕೆರೆದು ತೆಗೆಯಿರಿ.

ಇಲ್ಲಿ ಬಾಗಿಲು ಹಾಕಿ ನೋಡದೆ ಬೆಸೆಯುವುದೇ ಅತ್ಯಂತ ದುಬಾರಿಯ ತಪ್ಪು. 3 ಮಿ.ಮೀ. ಕುಸಿದ ಶೆಲ್ಲನ್ನು ಹೊಸ ಸಿಲ್ ಅದೇ ಕುಸಿತದಲ್ಲಿ ಶಾಶ್ವತವಾಗಿ ಹಿಡಿದುಬಿಡುತ್ತದೆ, ಆಮೇಲೆ ಎಲ್ಲವನ್ನೂ ಮತ್ತೆ ಕತ್ತರಿಸಬೇಕು.

ಬಣ್ಣದ ಅಡಿ ಏನು

ಮನೆಯ ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಅದು ನೀರಾವಿಯನ್ನು ಬಿಟ್ಟುಕೊಳ್ಳುತ್ತದೆ, ಮೇಲೆ ಹೊಡೆಯುವ ಕಾರಿನ ಬಣ್ಣದ ಥಿನ್ನರಿಗೆ ಸುಕ್ಕಾಗಿ ಏಳಲೂಬಹುದು. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಬರಿಯ ಕಬ್ಬಿಣದ ಮೇಲೆ ನೇರ ಹೊಡೆಯಬಹುದಾದ ಒಳ್ಳೆಯ ತಡೆಗೋಡೆ. ಪುಟ್ಟಿಯನ್ನೂ ಅದರ ಮೇಲೇ ಹಾಕಿ, 3 ಮಿ.ಮೀ. ಮೀರಬೇಡಿ, ಪುಟ್ಟಿ ನೀರು ಹೀರುತ್ತದೆ, ಅಡಿಯಲ್ಲಿ ಎಪಾಕ್ಸಿ ಇದ್ದರೆ ಆ ನೀರು ಕಬ್ಬಿಣ ತಲುಪುವುದಿಲ್ಲ. ಲೋಹವನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಅಲ್ಯೂಮಿನಿಯಂ ಬಾನೆಟ್ಟಿಗೆ ಸರಿ, ಆದರೆ ಅದರಲ್ಲಿ ಆಮ್ಲ ಇರುವುದರಿಂದ ಅದರ ಮೇಲೆ ನೇರವಾಗಿ ಪುಟ್ಟಿ ಹಾಕಬಾರದು. ದಪ್ಪ ಪದರ ಕೊಡುವ ಹೈ-ಬಿಲ್ಡ್ ಪ್ರೈಮರ್ ಹೊಡೆದು ಕಾರನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದು ಸ್ಪಂಜಿನಂತೆ ತೇವ ಹೀರುತ್ತದೆ. ಕೆಲಸ ಅರ್ಧಕ್ಕೆ ನಿಲ್ಲುವುದಾದರೆ ಎಪಾಕ್ಸಿಯಲ್ಲಿ ನಿಲ್ಲಿಸಿ. ಗಟ್ಟಿಕಾರಕ ಬೆರೆಸಿ ಹೊಡೆಯುವ ಕೊನೆಯ ಟು-ಕೆ ಬಣ್ಣದಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟ್ ಇರುತ್ತದೆ. ಹೊರಗಿನಿಂದ ಗಾಳಿ ಪೂರೈಸುವ ಮುಖವಾಡ ಇಲ್ಲದಿದ್ದರೆ ಆ ಹಂತವನ್ನು ಬಣ್ಣದ ಬೂತ್ ಇರುವವರಿಗೆ ಬಿಡಿ.

ತಗಡಿನ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ತಾಪಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ 80–85 ಪ್ರತಿಶತದ ಒಳಗಿರಬೇಕು. ಇಂಗ್ಲೆಂಡಿನ ಚಳಿಗಾಲದ ಶೆಡ್ಡಿನಲ್ಲಿ ಇದಕ್ಕೆ ಹೀಟರ್ ಬೇಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಹಳೆಯ ಕಾರಿನ ಕೆಲಸ ಹಿಡಿದವರು ಬರಿಯ ಕಬ್ಬಿಣ ಕಾಣುವ ಹಂತವನ್ನು ಡಿಸೆಂಬರಿನಿಂದ ಮಾರ್ಚಿನೊಳಗೆ ಇಟ್ಟುಕೊಳ್ಳಿ. ಜೂನ್–ಆಗಸ್ಟಿನಲ್ಲಿ ಉಪ್ಪುಗಾಳಿ, ಮಳೆ ಸೇರಿ ಬೆಳಗ್ಗೆ ಉಜ್ಜಿದ ತಗಡು ಸಂಜೆಗೆ ಕೇಸರಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಿದ ಬೆವರಿನ ಗುರುತೂ ಸಾಕು, ಕೈಗವಸು ಹಾಕಿ.

ಪ್ರೈಮರ್ ಆದ ಮೇಲೆ ಎಲ್ಲ ಸಂಧಿಗೂ ಪಾಲಿಯುರೆಥೇನ್ ಸೀಲರ್. ಸಿಲ್ಲಿನ ಅಡಿಯ ನೀರು ಬಸಿಯುವ ತೂತುಗಳನ್ನು ಮುಚ್ಚಬೇಡಿ.

ಒಳಗಿನ ಮೇಣ

ಬೆಸುಗೆಯ ಹಿಂಬದಿಯಲ್ಲಿ ಹಚ್ಚಿದ್ದ ಪ್ರೈಮರ್ ಸುಟ್ಟಿರುತ್ತದೆ. ಮುಚ್ಚಿದ ಸಿಲ್ಲಿನೊಳಗೆ ಮತ್ತೆ ಬಣ್ಣ ಬಳಿಯಲಾಗದು, ತಲುಪುವುದು ಟೊಳ್ಳುಗಳೊಳಗೆ ಸಿಂಪಡಿಸುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಒಂದೇ. ವ್ಯಾಕ್ಸಾಯಿಲ್, ಡೈನಿಟ್ರಾಲ್ ಮೊದಲಾದವು ಸಿಗುತ್ತವೆ. ತೆಳುವಾದದ್ದು ಸಂಧಿಗಳೊಳಗೆ ಹರಿದು ಹೋಗುತ್ತದೆ, ಪೆಟ್ಟಿಗೆ ಭಾಗಗಳಿಗೆ ಅದು. ದಪ್ಪನೆಯದು ಕಾರಿನ ಅಡಿಯ ಬಯಲು ಮೈಗೆ. ಡಾಂಬರಿನಂಥ ಅಂಡರ್‌ಸೀಲ್ ಬೇಡ: ವರ್ಷಗಳಲ್ಲಿ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಹೊಕ್ಕ ನೀರು ಹೊರಬರದೆ ಅಡಿಯಲ್ಲೇ ತಿನ್ನುತ್ತದೆ.

ಮೇಣದ ಕೆಲಸ ಬಣ್ಣವೆಲ್ಲ ಮುಗಿದ ಮೇಲೆ, ಏಕೆಂದರೆ ಮೇಣ ತಾಗಿದ ತಗಡಿಗೆ ಬಣ್ಣ ಹಿಡಿಯದು, ಬೆಸುಗೆಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸುತ್ತಲೂ ಸಿಂಪಡಿಸುವ ಮೂತಿಯ ಉದ್ದ ಕೊಳವೆಯನ್ನು ಸಿಲ್ಲಿನ ತುದಿಯವರೆಗೆ ತೂರಿಸಿ, ಒತ್ತಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ನಡುವಿನ ಮೆಂಬ್ರೇನ್‌ನ ಎರಡೂ ಬದಿಗೆ ಬೇರೆ ಬೇರೆಯಾಗಿ ಹೊಡೆಯಬೇಕು. ಮೇಣದ ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟುಕೊಂಡರೆ ಚೆನ್ನಾಗಿ ಹರಡುತ್ತದೆ. ಬಸಿಯುವ ತೂತುಗಳಿಂದ ಮೇಣ ಸೋರಿದರೆ ತಲುಪಬೇಕಾದ ಕಡೆ ತಲುಪಿದೆ ಎಂದು ಗೊತ್ತಾಗುತ್ತದೆ. ಮರುದಿನ ಒಂದು ತಂತಿಯಿಂದ ಆ ತೂತುಗಳನ್ನು ಬಿಡಿಸಿ, ಎರಡು–ಮೂರು ವರ್ಷಕ್ಕೊಮ್ಮೆ ಮತ್ತೆ ಹೊಡೆಯಿರಿ. ಮೊದಲ ದೊಡ್ಡ ಮಳೆ ಆದ ದಿನ ಕಾರ್ಪೆಟ್ ಎತ್ತಿ ನೆಲ ಮುಟ್ಟಿ ನೋಡಿ; ಒದ್ದೆಯಿದ್ದರೆ ಗಾಳಿ ಕಿಂಡಿಯ ಕೊಳವೆಯನ್ನೂ ಬಾಗಿಲಿನ ರಬ್ಬರನ್ನೂ ಅಂದೇ ಪರೀಕ್ಷಿಸಿ.